ಶೆವೆಲ್‌ಗೆ ಹೊಸ ಅಚ್ಚು ಕಾರ್ಪೆಟ್: ಟನಲ್ ಮೇಲೆ ಕೂರುತ್ತಲೇ ಇಲ್ಲ, ಸೀಳಿಬಿಡಲಾ?

ಎರಡುಬಾಗಿಲು70
ಎಲ್ಲರಿಗೂ ನಮಸ್ಕಾರ. ಕಾರು 1970ರ ಶೆವ್ರೊಲೆ ಶೆವೆಲ್, ಎರಡು ಬಾಗಿಲು, ನಾಲ್ಕು ಗೇರಿನ ಮ್ಯಾನುಯಲ್. ಫ್ಲೋರ್ ಕೆಲಸ ಒಂದು ವರ್ಕ್‌ಶಾಪಿನಲ್ಲಿ ಮುಗಿದಿದೆ. ತುಕ್ಕು ತಿಂದ ಕಡೆ ಹೊಸ ತಗಡು ಬೆಸೆದು, ಸೀಲರ್ ಹಾಕಿ, ಬಣ್ಣ ಬಳಿದು ಕೊಟ್ಟಿದ್ದಾರೆ. ಒಳಗಿನ ಕೆಲಸ ನಾನೇ ಮಾಡಿಕೊಳ್ಳುತ್ತಿದ್ದೇನೆ.

ಫ್ಲೋರಿನ ಆಕಾರಕ್ಕೇ ಅಚ್ಚು ಒತ್ತಿದ ಕಾರ್ಪೆಟ್ ಎರಡು ತುಂಡಾಗಿ ಬಂದಿದೆ, ಮುಂದಿನದು ಬೇರೆ, ಹಿಂದಿನದು ಬೇರೆ. ಕಪ್ಪು ಬಣ್ಣ, ಲೂಪ್ (ಎಳೆ ಕುಣಿಕೆಯಾಗಿರುವ) ಬಗೆಯದು. ಪೆಟ್ಟಿಗೆಯೊಳಗೆ ಮಡಚಿ ತುರುಕಿದ್ದರು. ಹರಡಿದರೆ ಟನಲ್ (ಫ್ಲೋರ್ ನಡುವೆ ಉದ್ದಕ್ಕೂ ಇರುವ ದಿಬ್ಬ) ಮೇಲೆ ಎರಡು ಬೆರಳಷ್ಟು ಎದ್ದು ನಿಲ್ಲುತ್ತದೆ. ಕೈಯಲ್ಲಿ ಒತ್ತಿದರೆ ಕೂರುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ. ಪೆಡಲ್ ಹತ್ತಿರ ಅಡ್ಡಡ್ಡ ಸುಕ್ಕು. ಬಾಗಿಲ ಕಡೆ ಅಂಗೈ ಅಗಲ ಜಾಸ್ತಿ ಇದೆ. ಸೀಟಿನ ಬೋಲ್ಟಿಗೆ ತೂತುಗಳೇ ಇಲ್ಲ.

ತಪ್ಪು ಕಾರ್ಪೆಟ್ ಕಳಿಸಿದ್ದಾರಾ? ಟನಲ್ ಬುಡದಲ್ಲಿ ಸೀಳಿ ಅಂಟು ಹಾಕಿ ಕೂರಿಸಿಬಿಡಲಾ? ಮೊದಲು ಹಾಕಬೇಕಾದ್ದು ಮುಂದಿನದೋ ಹಿಂದಿನದೋ?

ನಾಲ್ಕನೇಗೇರ್
ಬ್ಲೇಡ್ ಕೆಳಗಿಡಿ ಮೊದಲು.

ನಾಲ್ಕು ಗೇರಿನ ಕಾರಿಗೂ ಆಟೋಮ್ಯಾಟಿಕ್ ಕಾರಿಗೂ ಕಾರ್ಪೆಟ್ ಬೇರೆ ಬೇರೆ. ನಾಲ್ಕು ಗೇರಿನದಕ್ಕೆ ಟನಲ್ ಮೇಲೆ ಇನ್ನೊಂದು ಉಬ್ಬು ತಗಡು ಕೂರಿಸಿರುತ್ತಾರೆ, ಕಾರ್ಪೆಟ್ ಅಚ್ಚೂ ಆ ಉಬ್ಬಿನ ಆಕಾರಕ್ಕೇ ಇರುತ್ತದೆ. ಆಟೋಮ್ಯಾಟಿಕ್ ಕಾರನ್ನು ಆಮೇಲೆ ಯಾರೋ ಮ್ಯಾನುಯಲ್ ಮಾಡಿ, ಉಬ್ಬು ಹಾಕದೆ ಸುಮ್ನೆ ತೂತು ಹೊಡೆದು ಲಿವರ್ ಮೇಲೆ ತಂದಿದ್ದರೆ ನಾಲ್ಕು ಗೇರಿನ ಕಾರ್ಪೆಟ್ ಗುಡಾರದ ಹಾಗೆ ನಿಲ್ಲುತ್ತದೆ. ನಿಮ್ಮ ಟನಲ್ ಮೇಲೆ ಉಬ್ಬು ಇದೆಯಾ? ಲೇಬಲ್ ಮೇಲೆ ಏನು ಬರೆದಿದೆ?

ಬಿಸಿಲಲ್ಲಿಒಣಗಿಸಿ
ಪೆಟ್ಟಿಗೆಯಿಂದ ತೆಗೆದ ತಕ್ಷಣ ಯಾವ ಕಾರ್ಪೆಟ್ಟೂ ಕೂರುವುದಿಲ್ಲ. ಬಿಸಿಲಿಗೆ ಹಾಕಿ, ಮೆತ್ತಗಾಗಲಿ.

ಎರಡುಬಾಗಿಲು70
ಉಬ್ಬು ಇದೆ, ಕಾರ್ಖಾನೆಯದೇ. ಲೇಬಲ್ ಮೇಲೂ ನಾಲ್ಕು ಗೇರ್ ಅಂತಲೇ ಇದೆ. ಬಿಸಿಲಿಗೆ ಹಾಕಿ ನೋಡುತ್ತೇನೆ. ಮುಖ ಮೇಲೆ ಮಾಡಿಯೋ, ಬೆನ್ನು ಮೇಲೆ ಮಾಡಿಯೋ?

ಬಿಸಿಲಲ್ಲಿಒಣಗಿಸಿ
ಬೆನ್ನು ಮೇಲೆ. ಆಕಾರ ಹಿಡಿದಿಡುವುದು ಎಳೆಗಳಲ್ಲ, ಹಿಂದೆ ಬಳಿದಿರುವ ಪಾಲಿಎಥಿಲೀನ್ ಪದರ. ಕಾರ್ಖಾನೆಯಲ್ಲಿ ಅದನ್ನು ಕಾಯಿಸಿ ಅಚ್ಚಿನಲ್ಲಿ ಒತ್ತಿ ತಣಿಸುತ್ತಾರೆ. ಅದೇ ಪದರ ಮತ್ತೆ ಬೆಚ್ಚಗಾದರೆ ಮಡಿಕೆ ಬಿಡುತ್ತದೆ. ಬಿಸಿಲಿಗೆ ನೆಟ್ಟಗೆ ಕಾಯುವ ಜಾಗದಲ್ಲಿ ಕೆಲವು ಗಂಟೆ ಬಿಡಿ. ಇನ್ನೂ ಬೆಚ್ಚಗಿರುವಾಗಲೇ ಕಾರೊಳಗೆ ಹರಡಿ ಕೈಯಲ್ಲಿ ತೀಡಿ. ತಣ್ಣಗಾದ ಮೇಲೆ ತಂದು ಹಾಕಿದರೆ ಕಾಯಿಸಿದ್ದು ದಂಡ.

ಹೀಟ್‌ಗನ್‌ರಾಯ
ಬಿಸಿಲು ಯಾಕೆ ಕಾಯ್ತಾ ಕೂತಿದ್ದೀರಿ? ಹೀಟ್ ಗನ್ ಹಿಡಿದರೆ ಐದು ನಿಮಿಷದ ಕೆಲಸ.

ಬಿಸಿಲಲ್ಲಿಒಣಗಿಸಿ
ಹೌದು, ಐದು ನಿಮಿಷದಲ್ಲಿ ಎಳೆ ಕರಗಿ ಗಾಜಿನ ಹಾಗೆ ಮಿನುಗುತ್ತದೆ. ಆಮೇಲೆ ಅದನ್ನು ಸರಿ ಮಾಡುವ ದಾರಿಯೇ ಇಲ್ಲ. ಪಾಲಿಎಥಿಲೀನ್ ನೂರು ಡಿಗ್ರಿ ಮುಟ್ಟುವ ಮೊದಲೇ ಮೆತ್ತಗಾಗತೊಡಗುತ್ತದೆ. ನೈಲಾನ್ ಕರಗಲು ಇನ್ನೂರು ದಾಟಬೇಕು. ಆದರೆ ಗನ್ನಿನ ಮೂತಿಯಲ್ಲಿ ಬರುವ ಗಾಳಿ ಅದಕ್ಕಿಂತಲೂ ಬಿಸಿ. ಹಿಡಿಯಲೇಬೇಕು ಅಂದರೆ ಕಡಿಮೆ ಶಾಖದಲ್ಲಿ, ದೂರದಿಂದ, ಹಿಂಬದಿಗೆ ಮಾತ್ರ. ಕೈ ಒಂದೇ ಕಡೆ ನಿಲ್ಲಬಾರದು.

ಉಗಿಬಂಡಿ
ಬಟ್ಟೆಗೆ ಹಿಡಿಯುವ ಸ್ಟೀಮರ್ ಇದ್ದರೆ ಅದೇ ಒಳ್ಳೆಯದು. ಉಗಿಗೆ ನೈಲಾನ್ ಕರಗುವ ಭಯ ಇಲ್ಲ. ಸುಕ್ಕಿನ ಮೇಲೆ ಹಾಯಿಸಿ, ದಪ್ಪ ಕೈಗವಸು ಹಾಕಿಕೊಂಡು ಒತ್ತಿ ಹಿಡಿದು ತಣಿಯಲು ಬಿಡಿ. ತಣಿಯುವಾಗ ಒತ್ತಡ ಇರಲೇಬೇಕು, ಇಲ್ಲದಿದ್ದರೆ ಮತ್ತೆ ಅದೇ ಕಥೆ. ನಾನು ಮರಳು ಚೀಲ ಇಡುತ್ತೇನೆ. ಒಂದು ಮಾತು, ಕೆಳಗೆ ಸೆಣಬಿನ ಪ್ಯಾಡ್ ಇದ್ದರೆ ಉಗಿ ಜಾಸ್ತಿ ಆಗಬಾರದು, ನೀರು ಕುಡಿದುಬಿಡುತ್ತದೆ.

ಅಪ್ಪಟಮೂಲ
ಲೂಪ್ ತೆಗೆದುಕೊಂಡಿದ್ದೀರಲ್ಲ, ಅದೊಂದು ಖುಷಿ. 1970ರ ಕಾರಿಗೆ ಅದೇ ಸರಿ. ಆ ಕಾಲದ ಅಮೆರಿಕದ ಕಾರುಗಳಲ್ಲಿ 80 ಪಾಲು ರೇಯಾನ್, 20 ಪಾಲು ನೈಲಾನ್ ಇರುವ ಲೂಪ್ ಇತ್ತು. ಕಟ್ ಪೈಲ್ (ಕುಣಿಕೆಯ ತುದಿ ಕತ್ತರಿಸಿದ) ನೈಲಾನ್ ಬಂದದ್ದು 1974ರ ಮಾಡೆಲ್‌ಗಳಿಂದೀಚೆಗೆ. ಪ್ರದರ್ಶನಕ್ಕೆ ಹೋದಾಗ 60ರ ದಶಕದ ಕಾರೊಳಗೆ ಉಣ್ಣೆಯ ಹಾಗೆ ಮೆತ್ತನೆ ಕಟ್ ಪೈಲ್ ಕಂಡರೆ ನನಗೆ ಮೈ ಉರಿಯುತ್ತದೆ.

ದಿನಾಓಡಿಸ್ತೀನಿ
ನಿಮ್ಮ ಮೈ ಉರಿಯಲಿ ಬಿಡಿ. ರೇಯಾನ್ ಒದ್ದೆಯಾದರೆ ಅರ್ಧಕ್ಕರ್ಧ ಬಲ ಕಳೆದುಕೊಳ್ಳುತ್ತದೆ. ಮಳೆಯಲ್ಲಿ ಒದ್ದೆ ಬೂಟು ಉಜ್ಜುವ ಜಾಗದಲ್ಲಿ ಲೂಪ್ ಎಷ್ಟು ವರ್ಷ ಬಾಳುತ್ತದೆ ಹೇಳಿ. ಓಡಿಸುವ ಕಾರಿಗೆ ಕಟ್ ಪೈಲ್ ನೈಲಾನೇ ಸರಿ.

ಅಪ್ಪಟಮೂಲ
ಓಡಿಸುವ ಕಾರಿಗೆ ಮೇಲೊಂದು ಮ್ಯಾಟ್ ಹಾಕಿದರೆ ಆಯಿತಪ್ಪ.

ನಾಲ್ಕನೇಗೇರ್
ಇಬ್ಬರೂ ಬೇರೆ ಕಡೆ ಜಗಳ ಆಡಿ. ಆತ ಲೂಪ್ ತಂದಾಗಿದೆ. @ಎರಡುಬಾಗಿಲು70, ಕಾರ್ಪೆಟ್ ಇಲ್ಲದ ಫ್ಲೋರಿನ ಫೋಟೋ ಒಂದು ಹಾಕಿ. ಲೇಬಲ್ ಸರಿ ಇದ್ದು, ಉಬ್ಬೂ ಇದ್ದು ಎರಡು ಬೆರಳು ಎತ್ತರ ನಿಲ್ಲುತ್ತದೆ ಅಂದರೆ ಕೆಳಗೆ ಏನೋ ಇದೆ.

ಎರಡುಬಾಗಿಲು70
ಫೋಟೋ ಹಾಕಿದ್ದೇನೆ. ಬೆಳ್ಳಿ ಬಣ್ಣದ್ದು ಬ್ಯುಟೈಲ್ ಶೀಟ್, ತಗಡಿಗೆ ಅಂಟಿಸುವ ರಬ್ಬರ್ ಹಾಳೆ. ಅದರ ಮೇಲೆ ಕಪ್ಪಗೆ ಕಾಣುವುದು ಫೋಮ್, ವರ್ಕ್‌ಶಾಪಿನವರೇ ಹಾಕಿದ್ದು. ಸುಮಾರು 12 ಮಿಮೀ ದಪ್ಪ ಇರಬೇಕು.

ನಾಲ್ಕನೇಗೇರ್
ಸಿಕ್ಕಿತು ನೋಡಿ!

ಕಾಲಿಡುವ ಎರಡೂ ಗುಂಡಿಯಲ್ಲಿ 12 ಮಿಮೀ ಫೋಮ್ ತುಂಬಿದ್ದಾರೆ. ಟನಲ್ ನೆತ್ತಿಯ ಮೇಲೆ ಏನೂ ಇಲ್ಲ. ಕಾರ್ಪೆಟ್ಟಿನ ಬೆನ್ನಿಗೆ ಕಂಪನಿಯವರೇ ಸೆಣಬಿನ ಪ್ಯಾಡ್ ಅಂಟಿಸಿರುತ್ತಾರೆ, ಅದು ಬೇರೆ ದಪ್ಪ. ಎರಡೂ ಸೇರಿ ಗುಂಡಿಯ ತಳ ಮೇಲೆ ಬಂದಿದೆ. ಕಾರ್ಪೆಟ್ಟಿನ ಎರಡು ಪಕ್ಕ ಕೆಳಗೆ ಇಳಿಯಲು ಜಾಗವೇ ಇಲ್ಲ, ಹಾಗಾಗಿ ನಡುಭಾಗ ಟನಲ್ ಬಿಟ್ಟು ಮೇಲೆ ತೂಗುತ್ತಿದೆ. ಈಗ ಟನಲ್ ಬುಡ ಸೀಳಿದ್ದರೆ ಸರಿಯಾದ ಕಾರ್ಪೆಟ್ ಹಾಳಾಗುತ್ತಿತ್ತು, ಫೋಮ್ ಮಾತ್ರ ಅಲ್ಲೇ ಇರುತ್ತಿತ್ತು.

ಫೋಮ್ ಎತ್ತಿ, ಬರೀ ಬ್ಯುಟೈಲ್ ಮೇಲೆ ಹಾಸಿ ನೋಡಿ.

ಸದ್ದಿಲ್ಲದಸಂಸಾರ
ಫೋಮ್ ಎತ್ತಿದರೆ ಸದ್ದು ಯಾರು ತಡೀತಾರೆ? ಬ್ಯುಟೈಲ್ ತಗಡಿನ ನಡುಕ ಇಳಿಸುತ್ತದೆ ಅಷ್ಟೇ. ಎಂಜಿನ್ನಿನ ಗದ್ದಲ, ರಸ್ತೆ ಸದ್ದು ತಡೆಯಲು ಮೇಲೆ ಇನ್ನೊಂದು ಪದರ ಬೇಕೇ ಬೇಕು. ಅವರು ಹಾಕಿದ್ದರಲ್ಲಿ ತಪ್ಪೇನಿಲ್ಲ.

ನಾಲ್ಕನೇಗೇರ್
ಪದರ ಬೇಡ ಅಂದಿಲ್ಲ. ಅಚ್ಚು ಕಾರ್ಪೆಟ್ ಅಂದರೆ ಅಳತೆ ಮೊದಲೇ ನಿಗದಿಯಾಗಿದೆ ಅಂತ ಅರ್ಥ. ಮೂಲ ಕಾರಿನಲ್ಲಿ ಕೆಳಗೆ ಎಷ್ಟು ದಪ್ಪ ಇತ್ತೋ ಅಷ್ಟಕ್ಕೇ ಅದು ಹೊಂದುತ್ತದೆ. 3 ಮಿಮೀ ಫೋಮ್ ಹಾಕಿದರೆ ನಡೆಯುತ್ತದೆ, 12 ನಡೆಯುವುದಿಲ್ಲ. ಇನ್ನೂ ಒಂದು, ಫ್ಲೋರ್ ತುಂಬಾ ಬ್ಯುಟೈಲ್ ಹಾಕಿ ಕಾರಿನ ತೂಕ ಏರಿಸುವ ಅಗತ್ಯವೂ ಇಲ್ಲ. ತಗಡಿನ ಚಪ್ಪಟೆ ಭಾಗದ ಕಾಲು ಪಾಲು ಮುಚ್ಚಿದರೂ ಝೇಂಕಾರ ಬಹುಪಾಲು ಇಳಿಯುತ್ತದೆ. ಗೆಣ್ಣಿನಿಂದ ಬಡಿದು ನೋಡಿ, ಡಣ್ ಅನ್ನುವ ಕಡೆ ಹಾಕಿ, ಡಬ್ ಅನ್ನುವ ಕಡೆ ಬಿಡಿ.

ಸದ್ದಿಲ್ಲದಸಂಸಾರ
ಕಾಲು ಪಾಲು ಸಾಕು ಅನ್ನೋದನ್ನು ನಾನು ಒಪ್ಪುವುದಿಲ್ಲ. ಫೈರ್‌ವಾಲ್ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡು ಗೋಡೆ) ಮತ್ತು ಟನಲ್ ಪೂರ್ತಿ ಮುಚ್ಚಲೇಬೇಕು, ಶಾಖ ಬರುವುದೇ ಅಲ್ಲಿಂದ. ನಾಲ್ಕು ಗೇರಿನ ಕಾರಿನಲ್ಲಿ ಬಲಗಾಲು ಬೇಯುವುದು ಯಾಕೆ ಅಂದುಕೊಂಡಿದ್ದೀರಿ? ಎಕ್ಸಾಸ್ಟ್ ಪೈಪ್ ಕೆಳಗೇ ಹೋಗುತ್ತದೆ.

ನಾಲ್ಕನೇಗೇರ್
ಶಾಖದ ಲೆಕ್ಕ ಬೇರೆ, ಅದಕ್ಕೆ ಒಪ್ಪಿಗೆ. ಬಾಕಿ ಫ್ಲೋರಿಗೆ ನನ್ನ ಮಾತೇ ಖಾಯಂ.

ಒದ್ದೆಫ್ಲೋರ್
ಫೋಮು ಬ್ಯುಟೈಲು ಅಂತ ಎಲ್ಲ ಕಿತ್ತಾಡ್ತಿದ್ದೀರಿ, ನೀರಿನ ವಿಷಯ ಒಬ್ಬರೂ ಎತ್ತಿಲ್ಲ. ಈ ಕಾರಿನ ಹಳೇ ಫ್ಲೋರ್ ತುಕ್ಕು ಹಿಡಿದದ್ದು ಯಾಕೆ? ನೀರು ಎಲ್ಲಿಂದಲೋ ಬರ್ತಾ ಇತ್ತು ತಾನೇ? ತಗಡು ಹೊಸದಾಯಿತು, ಸೋರುವ ಜಾಗ ಹೊಸದಾಯಿತಾ?

ಕಾರ್ಪೆಟ್ ಹಾಕುವ ಮುಂಚೆ ಬರೀ ಫ್ಲೋರ್ ಇಟ್ಟುಕೊಂಡು ಪೈಪಿನಲ್ಲಿ ನೀರು ಬಿಡಿ. ಕೆಳಗಿನಿಂದ ಶುರು ಮಾಡಿ ನಿಧಾನವಾಗಿ ಮೇಲೆ ಹೋಗಿ. ಒಂದೇ ಸಲ ಮೇಲಿನಿಂದ ಸುರಿದರೆ ಎಲ್ಲಿಂದ ಬಂತು ಅಂತ ಗೊತ್ತೇ ಆಗುವುದಿಲ್ಲ. ಒಬ್ಬರು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿರಬೇಕು. ನೋಡಬೇಕಾದ ಜಾಗಗಳು: ವಿಂಡ್‌ಶೀಲ್ಡ್ ಕೆಳಗಿನ ಗಾಳಿ ಡಬ್ಬಿ, ಅದರಲ್ಲಿ ಎಲೆ ಕೊಳೆತು ಹೊರದಾರಿ ಕಟ್ಟಿಕೊಂಡಿರುತ್ತದೆ. ವಿಂಡ್‌ಶೀಲ್ಡ್ ಅಂಚು. ಬಾಗಿಲ ಪ್ಯಾನೆಲ್ ಹಿಂದಿನ ನೀರು ತಡೆ ಹಾಳೆ. ಆ ಹಾಳೆ ಹರಿದಿದ್ದರೆ ಗಾಜಿನ ಮೇಲೆ ಇಳಿದ ನೀರು ಬಾಗಿಲ ತಳದ ತೂತಿನಿಂದ ಹೊರಗೆ ಹೋಗುವ ಬದಲು ಸಿಲ್ (ಬಾಗಿಲ ಹೊಸ್ತಿಲು) ದಾಟಿ ಒಳಗೆ ಬರುತ್ತದೆ.

ಕೆಳಗಿನ ರಬ್ಬರ್ ಡ್ರೈನ್ ಪ್ಲಗ್‌ಗಳ ಮೇಲೆ ಬ್ಯುಟೈಲ್ ಅಂಟಿಸಿದ್ದಾರಾ ಅಂತಲೂ ನೋಡಿ. ಎಷ್ಟೋ ಕಡೆ ಅದನ್ನೇ ಮಾಡಿರುತ್ತಾರೆ.

ಎರಡುಬಾಗಿಲು70
ಪ್ಲಗ್‌ಗಳ ಮೇಲೂ ಅಂಟಿಸಿದ್ದಾರೆ! ಈಗ ಬೆರಳಿಂದ ಒತ್ತಿ ನೋಡಿದೆ, ಗುಂಡಗೆ ಸಿಕ್ಕಿತು.

ಒದ್ದೆಫ್ಲೋರ್
ಆ ವೃತ್ತದಷ್ಟು ಕತ್ತರಿಸಿ ತೆಗೆಯಿರಿ. ಪ್ಲಗ್ ಕೈಗೆ ಸಿಗುವಂತಿರಲಿ.

ತಗಡುಮೇಸ್ತ್ರಿ
ನೀರಿನ ಮಾತು ಬಂತಲ್ಲ, ಹೀಟರ್ ಕೋರ್ (ಬಿಸಿ ಕೂಲಂಟ್ ಹರಿದು ಒಳಗಿನ ಗಾಳಿ ಕಾಯಿಸುವ ಪುಟ್ಟ ರೇಡಿಯೇಟರ್) ಮರೀಬೇಡಿ. ಪ್ರಯಾಣಿಕರ ಕಡೆ ಮಾತ್ರ ಒದ್ದೆ, ಸಿಹಿ ವಾಸನೆ, ಮುಟ್ಟಿದರೆ ಅಂಟಂಟು, ಗಾಜಿನ ಒಳಗೆ ಎಣ್ಣೆಯಂಥ ಮಂಜು. ಹೀಗಿದ್ದರೆ ಅದು ಮಳೆ ನೀರಲ್ಲ, ಕೂಲಂಟ್. ಎಥಿಲೀನ್ ಗ್ಲೈಕಾಲ್ ಸೆಣಬಿಗೆ ಇಳಿದರೆ ಒಣಗುವುದೂ ಇಲ್ಲ, ವಾಸನೆ ಹೋಗುವುದೂ ಇಲ್ಲ. ಕಾರ್ಪೆಟ್ ಹೊರಗಿದ್ದಾಗಲೇ ಹೀಟರ್ ಕೋರ್ ಒತ್ತಡ ಪರೀಕ್ಷೆ ಮಾಡಿಸಿ.

ಬೆಸುಗೆ ಬಾಕಿ ಇದ್ದರೆ ಅದೂ ಈಗಲೇ ಆಗಲಿ. ಕಾರ್ಪೆಟ್ ಹಾಸಿದ ಕಾರಿನ ಕೆಳಗೆ ಬೆಸೆಯುವುದು ಅಂದರೆ ಬೆಂಕಿಗೆ ಕರೆ ಕೊಟ್ಟ ಹಾಗೆ.

ಹಾಗೇ ಫೈರ್‌ವಾಲ್ ಒಳಗಿನ ಹಳೇ ಪ್ಯಾಡ್ ಪುಡಿಯಾಗಿದ್ದರೆ ಒಣ ಬ್ರಷ್ಷಿನಲ್ಲಿ ಗುಡಿಸಬೇಡಿ. ಕೆಲವು ಹಳೇ ಕಾರುಗಳ ಪ್ಯಾಡಿನಲ್ಲಿ ಆಸ್ಬೆಸ್ಟಾಸ್ ಇರುವುದುಂಟು.

ಬೀಟಲ್‌ಭಾವ
ಬೆಂಕಿ ಅಂದಾಗ ನೆನಪಾಯಿತು. ನಮ್ಮ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಬ್ಯಾಟರಿ ಇರೋದೇ ಹಿಂದಿನ ಸೀಟಿನ ಕೆಳಗೆ. ಮೇಲೆ ಮುಚ್ಚಳ ಇಲ್ಲದೆ ದಪ್ಪ ಆಸಾಮಿ ಕೂತರೆ ಸೀಟಿನ ಸ್ಪ್ರಿಂಗ್ ಬ್ಯಾಟರಿ ತುದಿಗೆ ತಗುಲಿ ಕಿಡಿ ಹಾರುತ್ತದೆ. ಕಾರ್ಪೆಟ್ ಬದಲಾಯಿಸುವ ಬೀಟಲ್ ಮಂದಿ ಯಾರಾದರೂ ಇದ್ದರೆ ಆ ಮುಚ್ಚಳ ಇದೆಯಾ ನೋಡಿಕೊಳ್ಳಿ.

ಎಂಜಿಬಿಮಾವ
ನಮ್ಮ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಗೆ ಅಚ್ಚಿನ ರಗಳೆಯೇ ಇಲ್ಲ. ತುಂಡು ತುಂಡು ಹೊಲಿದು ಅಂಚು ಕಟ್ಟಿದ ಕಾರ್ಪೆಟ್. ಟನಲ್‌ಗೆ ಅಂಟು, ಫ್ಲೋರಿಗೆ ಪ್ರೆಸ್ ಬಟನ್. ಒದ್ದೆಯಾದರೆ ಬಟನ್ ಬಿಚ್ಚಿ ಹೊರಗೆ ಒಣಗಿಸಿದರಾಯಿತು. ನೀವೆಲ್ಲ ಯಾಕೆ ಇಷ್ಟು ಕಷ್ಟ ಪಡ್ತೀರಿ?

ಅಪ್ಪಟಮೂಲ
ಒದ್ದೆಯಾಗುತ್ತದೆ ಅಂತ ಮೊದಲೇ ಗೊತ್ತಿದ್ದು ಬಟನ್ ಕೊಟ್ಟಿದ್ದಾರೆ ಬಿಡಿ 😀

ಎಂಜಿಬಿಮಾವ
ಅದೂ ನಿಜ.

ಎರಡುಬಾಗಿಲು70
ಫೋಮ್ ಎತ್ತಿದೆ, ಬಿಸಿಲಿಗೂ ಹಾಕಿದೆ. ಟನಲ್ ಮೇಲೆ ಚೆನ್ನಾಗಿ ಕೂತಿದೆ, ಬಿಟ್ಟರೂ ಏಳುತ್ತಿಲ್ಲ! ನೀರೂ ಬಿಟ್ಟು ನೋಡಿದೆ. ಎಡ ಬಾಗಿಲ ಹಾಳೆ ಹರಿದಿತ್ತು, ಹೊಸದು ಹಾಕುತ್ತಿದ್ದೇನೆ. ಹೀಟರ್ ಕೋರ್ ಒಣಗಿದೆ.

ಈಗ ಕ್ರಮ ಹೇಳಿ. ಮತ್ತೆ ಅಂಟು ಹಾಕಬೇಕಾ ಬೇಡವಾ?

ನಾಲ್ಕನೇಗೇರ್
ಹಿಂದಿನ ತುಂಡು ಮೊದಲು. ಮುಂದಿನದು ಅದರ ಮೇಲೆ ಹತ್ತಿಕೊಳ್ಳುತ್ತದೆ, ಜೋಡಣೆ ಮುಂದಿನ ಸೀಟಿನ ಕೆಳಗೆ ಅಡಗುತ್ತದೆ. ಎರಡೂ ತುಂಡಿನಲ್ಲಿ ಟನಲ್ ನೆತ್ತಿಯಿಂದ ಶುರು ಮಾಡಿ ಪಕ್ಕಕ್ಕೆ ತೀಡಿಕೊಂಡು ಬನ್ನಿ. ಬಾಗಿಲ ಕಡೆಯಿಂದ ನಡುವಿಗೆ ತಳ್ಳಿದರೆ ಸುಕ್ಕೆಲ್ಲ ಟನಲ್ ಬುಡದಲ್ಲಿ ಗುಡ್ಡೆಯಾಗುತ್ತದೆ.

ಪೆಡಲ್‌ಪುರಾಣ
ಮುಂದಿನ ತುಂಡಿಗೆ ನಾನು ಟನಲ್‌ಗಿಂತ ಮೊದಲು ನೋಡುವುದು ಹಿಮ್ಮಡಿ ಪ್ಯಾಡ್. ಡ್ರೈವರ್ ಕಡೆ ಅಂಟಿಸಿರುವ ಆ ವಿನೈಲ್ ಚೌಕ ಆಕ್ಸಿಲರೇಟರ್ ಪೆಡಲ್ ಕೆಳಗೆ ಸರಿಯಾಗಿ ಬರಬೇಕು. ಅದು ಎಡಕ್ಕೋ ಬಲಕ್ಕೋ ಸರಿದಿದ್ದರೆ ಇಡೀ ಕಾರ್ಪೆಟ್ ಸರಿದಿದೆ ಅಂತಲೇ ಲೆಕ್ಕ.

ನಾಲ್ಕನೇಗೇರ್
ಟನಲ್ ಕೂತರೆ ಪ್ಯಾಡ್ ತಾನಾಗಿ ಜಾಗಕ್ಕೆ ಬರುತ್ತದೆ. ಬರಲಿಲ್ಲ ಅಂದರೆ ಅದು ತಯಾರಿಯಲ್ಲೇ ಓರೆಯಾಗಿ ಅಂಟಿದೆ. ಆಗ ಪ್ಯಾಡ್ ನಂಬಿ ಎಳೆದಾಡಿದರೆ ಟನಲ್ ಮತ್ತೆ ಏಳುತ್ತದೆ. ಮೊದಲು ಟನಲ್, ಆಮೇಲೆ ಪ್ಯಾಡ್ ನೋಡುವುದು, ಎರಡೂ ಸರಿ ಅನಿಸಿದ ಮೇಲೇ ಬ್ಲೇಡ್.

ಪೆಡಲ್‌ಪುರಾಣ
ಸರಿ, ಬ್ಲೇಡಿಗೆ ಮುಂಚೆ ಅಂತ ಒಪ್ಪಿದಿರಲ್ಲ, ಸಾಕು. ಇನ್ನೊಂದು ವಿಷಯಕ್ಕೆ ಮಾತ್ರ ರಾಜಿ ಇಲ್ಲ. ಕಾರ್ಪೆಟ್ ಕೂತ ಮೇಲೆ ಎಂಜಿನ್ ನಿಲ್ಲಿಸಿಕೊಂಡೇ ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಡಿ. ಕ್ಲಚ್ಚೂ ತಳದ ತನಕ ಒತ್ತಿ. ಮೇಲೆ ಬರುವಾಗ ಪೆಡಲ್ ಅಂಚಿಗೆ ಎಳೆ ಸಿಕ್ಕುತ್ತದಾ, ತಳದಲ್ಲಿ ಕಾರ್ಪೆಟ್ ದಪ್ಪಕ್ಕೆ ತಾಗಿ ನಿಲ್ಲುತ್ತದಾ ನೋಡಿ. ಇನ್ನೊಬ್ಬರನ್ನು ಕೂರಿಸಿ ಒತ್ತಿಸಿ, ನೀವು ಬಾನೆಟ್ ಕೆಳಗೆ ಕಾರ್ಬ್ಯುರೇಟರ್ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದಾ ಅಂತ ಕಣ್ಣಾರೆ ನೋಡಿ. ಕಾರ್ಪೆಟ್ಟಿಗೆ ಸಿಕ್ಕಿ ಥ್ರಾಟಲ್ ತೆರೆದೇ ಉಳಿಯುವುದು ತಮಾಷೆ ಅಲ್ಲ.

ಅಂಟುಪುರುಷ
ಅಂಟು ಹಾಕಿ. ಸ್ಪ್ರೇ ಕಾಂಟ್ಯಾಕ್ಟ್ ಅಂಟು, ಜಾಸ್ತಿ ಶಾಖ ತಡೆಯುವ ಬಗೆಯದು. ಎರಡೂ ಬದಿಗೆ ಹೊಡೆದು, ಕೈಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಪೂರ್ತಿ ಫ್ಲೋರಿಗೆ ಹಾಕಿದರೆ ಒಂದು ಸುಕ್ಕೂ ಏಳುವುದಿಲ್ಲ.

ಒದ್ದೆಫ್ಲೋರ್
ಪೂರ್ತಿ ಫ್ಲೋರಿಗಾ?! ನಾಳೆ ಒಂದು ಕಡೆ ಒದ್ದೆಯಾದರೆ ಹೇಗೆ ಎತ್ತುತ್ತೀರಿ? ಬೆನ್ನಿನ ಪದರ ಅರ್ಧ ಫ್ಲೋರಿಗೇ ಅಂಟಿಕೊಂಡು ಉಳಿಯುತ್ತದೆ.

ಅಪ್ಪಟಮೂಲ
ಕಾರ್ಖಾನೆಯವರು ಅಂಟಿನ ಮೇಲೆ ನೆಚ್ಚಿಕೊಂಡಿರಲಿಲ್ಲ. ಸಿಲ್ ಪ್ಲೇಟ್, ಕಿಕ್ ಪ್ಯಾನೆಲ್ (ಕಾಲ ಪಕ್ಕದ ಹಲಗೆ), ಸೀಟು, ಬೆಲ್ಟ್ ಬೋಲ್ಟು, ಕನ್ಸೋಲ್. ಇಷ್ಟೇ ಕಾರ್ಪೆಟ್ಟನ್ನು ಹಿಡಿದಿಡುವುದು.

ಅಂಟುಪುರುಷ
ಕಾರ್ಖಾನೆಯವರಿಗೆ ಹೊಸ ಅಚ್ಚು, ಮಡಚದ ಕಾರ್ಪೆಟ್ ಸಿಗುತ್ತಿತ್ತು. ನಮಗೆ ಬರೋದು ಪೆಟ್ಟಿಗೆಯಲ್ಲಿ ಹಿಂಡಿದ್ದು. ಬೇಕಾದರೆ ಟನಲ್ ಪಕ್ಕ ಮತ್ತು ಪೆಡಲ್ ಹಿಂದಿನ ಇಳಿಜಾರಿಗೆ ಮಾತ್ರ ಹಾಕಲಿ. ಅದಕ್ಕಾದರೂ ಒಪ್ಪುತ್ತೀರಾ?

ಒದ್ದೆಫ್ಲೋರ್
ಇಳಿಜಾರಿಗೆ ಒಂದೆರಡು ಪಟ್ಟಿ ಹಾಕಲಿ. ಚಪ್ಪಟೆ ಭಾಗಕ್ಕೆ ಬೇಡವೇ ಬೇಡ.

ಎರಡುಬಾಗಿಲು70
ಇಳಿಜಾರಿಗೆ ಮಾತ್ರ ಹಾಕುತ್ತೇನೆ. ಇನ್ನು ತೂತುಗಳು. ಸೀಟು, ಬೆಲ್ಟ್, ಎಲ್ಲ ಬೋಲ್ಟಿನ ಜಾಗ ಕಾರ್ಪೆಟ್ ಕೆಳಗೆ ಮುಚ್ಚಿಹೋಗಿದೆ. ಡ್ರಿಲ್ ಹಿಡಿಯಲಾ?

ದಬ್ಬಳ
ಡ್ರಿಲ್ ಬೇಡವೇ ಬೇಡ! ಲೂಪ್ ಕಾರ್ಪೆಟ್ಟಿಗೆ ಡ್ರಿಲ್ ಬಿಟ್ಟರೆ ಎಳೆ ಬಿಟ್ಟಿಗೆ ಸುತ್ತಿಕೊಂಡು ಒಂದು ಸಾಲು ಪೂರ್ತಿ ಕಿತ್ತು ಬರುತ್ತದೆ. ಫ್ಲೋರ್ ನಡುವೆ ಬೋಳು ಗೆರೆ ಉಳಿಯುತ್ತದೆ. ಅದಕ್ಕೆ ತೇಪೆ ಇಲ್ಲ.

ನನ್ನ ಕ್ರಮ ಇದು. ಕಾರ್ಪೆಟ್ ಹಾಸುವ ಮುಂಚೆ ಪ್ರತಿ ತೂತಿಗೂ ಅದದರ ಬೋಲ್ಟನ್ನು ಅರ್ಧ ತಿರುಗಿಸಿ ನಿಲ್ಲಿಸಿ. ಕಾರ್ಪೆಟ್ ಹಾಸಿ ಜಾಗಕ್ಕೆ ಕೂರಿಸಿದ ಮೇಲೆ ಬೋಲ್ಟಿನ ತಲೆ ಅಂಗೈಗೆ ಗುಬುಟಾಗಿ ಸಿಗುತ್ತದೆ. ಅಲ್ಲಿ ಎಳೆ ಸಾಲುಗಳನ್ನು ಬೆರಳಿಂದ ಬಿಡಿಸಿ, ಸಾಲಿನ ಸಂದಿಯಲ್ಲೇ ಬ್ಲೇಡ್ ತುದಿಯಿಂದ ಚಿಕ್ಕ ಗೀರು ಹಾಕಿ. ಬೋಲ್ಟ್ ತಲೆ ಹೊರಗೆ ಬರುವಷ್ಟೇ ಸಾಕು. ಅದನ್ನು ಅದೇ ಗೀರಿನಿಂದ ಬಿಚ್ಚಿ ತೆಗೆಯಿರಿ, ತೂತು ತಗಡಿನ ತೂತಿಗೆ ನೇರವಾಗಿ ಬಂದಿರುತ್ತದೆ.

ಚಿಕ್ಕ ಸ್ಕ್ರೂಗಳಿಗೆ ಕೆಳಗಿನಿಂದ ದಬ್ಬಳ ಚುಚ್ಚಿ ಜಾಗ ಗುರುತಿಸಿ, ಮೇಲಿನಿಂದ ಬಿಸಿ ಸಾಲ್ಡರಿಂಗ್ ಕಬ್ಬಿಣ ಇಳಿಸಿ. ಬೆನ್ನಿನ ಪದರ ಕರಗಿ ತೂತಿನ ಅಂಚು ಮುದ್ರೆ ಬೀಳುತ್ತದೆ, ಎಳೆ ಬಿಚ್ಚುವುದಿಲ್ಲ. ರೇಯಾನ್ ಮಾತ್ರ ಕರಗುವುದಿಲ್ಲ, ಕಪ್ಪಗೆ ಸುಡುತ್ತದೆ. ಅದಕ್ಕೆ ಕಬ್ಬಿಣವನ್ನು ಸರಕ್ಕನೆ ಇಳಿಸಿ ಸರಕ್ಕನೆ ತೆಗೆಯಬೇಕು. ಕಿಟಕಿ ತೆರೆದಿರಲಿ, ವಾಸನೆ ಕೆಟ್ಟದು.

ದಿನಾಓಡಿಸ್ತೀನಿ
ನೋಡಿದಿರಾ, ಕಟ್ ಪೈಲ್ ಆಗಿದ್ದರೆ ಈ ಸಾಲು ಕಿತ್ತು ಬರುವ ಭಯ ಇರುತ್ತಿರಲಿಲ್ಲ.

ಅಪ್ಪಟಮೂಲ
ಮತ್ತೆ ಶುರು ಮಾಡಿದರು.

ತಗಡುಮೇಸ್ತ್ರಿ
ಬೆಲ್ಟ್ ಬೋಲ್ಟ್ ವಿಷಯಕ್ಕೆ ಒಂದು ಮಾತು. ಅದು ಸಾಮಾನ್ಯ ಬೋಲ್ಟ್ ಅಲ್ಲ. ಬೆಲ್ಟಿಗೆ ಬಳಸುವುದು 7/16 ಇಂಚು, ಇಂಚಿಗೆ 20 ಸುತ್ತಿನ ಗಟ್ಟಿ ಬೋಲ್ಟು. ಅಂಗಡಿಯಿಂದ ಯಾವುದೋ ತಂದು ಹಾಕಬೇಡಿ, ಹಳೆಯದನ್ನೇ ತೊಳೆದು ಹಾಕಿ. ಸುತ್ತಿನಲ್ಲಿ ಬಣ್ಣ, ಸೀಲರ್ ಸೇರಿದ್ದರೆ ಟ್ಯಾಪ್ ಹಾಯಿಸಿ ಬಿಡಿಸಿ.

ಕಾರ್ಪೆಟ್ ಮತ್ತು ಪ್ಯಾಡ್ ಬೆಲ್ಟ್ ಕೊಂಡಿಯ ಅಡಿ ಸಿಕ್ಕಿಕೊಳ್ಳಬಾರದು. ಕೊಂಡಿ, ವಾಷರ್ ಎಲ್ಲ ತಗಡಿಗೆ ತಾಗಿ ಬಿಗಿಯಾಗಬೇಕು. ಅದಕ್ಕೆ ತಕ್ಕಷ್ಟು ಕಾರ್ಪೆಟ್ ಬಿಡಿಸಿಕೊಳ್ಳಿ. ಮೆತ್ತನೆ ಪ್ಯಾಡ್ ಮೇಲೆ ಬಿಗಿ ಮಾಡಿದರೆ ಪ್ಯಾಡ್ ಅಮುಕಿಕೊಂಡ ಮೇಲೆ ಬೋಲ್ಟ್ ಸಡಿಲ.

ತಂತಿಗೊಂಬೆ
ಬ್ಯಾಟರಿ ತಂತಿ ಬಿಚ್ಚಿದ್ದೀರಾ? ಹಿಂದಿನ ದೀಪಕ್ಕೆ ಹೋಗುವ ವೈರಿಂಗ್ ಡ್ರೈವರ್ ಕಡೆ ಸಿಲ್ ಗುಂಟ, ಕಾರ್ಪೆಟ್ ಅಂಚಿನ ಕೆಳಗೇ ಹಾದುಹೋಗುತ್ತದೆ. ಅಂಚು ಕತ್ತರಿಸುವಾಗ ಬ್ಲೇಡ್ ಅದಕ್ಕೆ ತಾಗಿದರೆ ಆಮೇಲೆ ಬ್ರೇಕ್ ಲೈಟ್ ಯಾಕೆ ಹತ್ತಲ್ಲ ಅಂತ ಇನ್ನೊಂದು ಚರ್ಚೆ ಶುರು ಮಾಡಬೇಕಾಗುತ್ತದೆ. ಸಿಲ್ ಪ್ಲೇಟ್ ಸ್ಕ್ರೂ ಕೂಡ ಅದರ ಮೇಲೆ ಇಳಿಯದ ಹಾಗೆ ನೋಡಿಕೊಳ್ಳಿ.

ನಾಲ್ಕನೇಗೇರ್
ಅಂಚು ಕತ್ತರಿಸೋದು ಕಟ್ಟಕಡೆ ಕೆಲಸ. ಎರಡೂ ತುಂಡು ಕೂತು, ಬೋಲ್ಟ್ ತೂತೆಲ್ಲ ಆದ ಮೇಲೆ ರಾತ್ರಿ ಪೂರ್ತಿ ಹಾಗೇ ಬಿಡಿ, ಸಾಧ್ಯವಾದರೆ ಸೀಟು ಮೇಲಿಟ್ಟು. ಕಾರ್ಪೆಟ್ ಇನ್ನೂ ಸ್ವಲ್ಪ ಕೆಳಗೆ ಇಳಿಯುತ್ತದೆ, ಅಂಚು ಒಳಗೆ ಸರಿಯುತ್ತದೆ. ಮೊದಲ ದಿನವೇ ಸಿಲ್ ಅಳತೆಗೆ ಕತ್ತರಿಸಿದವರಿಗೆ ಮರುದಿನ ಬೆಳಿಗ್ಗೆ ಸಿಲ್ ಪ್ಲೇಟ್ ಪಕ್ಕದಲ್ಲಿ ಬಣ್ಣ ಕಾಣುತ್ತದೆ. ಸಿಲ್ ಪ್ಲೇಟ್ ಕೆಳಗೆ ಅದು ಮುಚ್ಚುವಷ್ಟು ಅಗಲ ಬಿಟ್ಟುಕೊಳ್ಳಿ. ಕತ್ತರಿಸುವುದು ಬೆನ್ನಿನ ಕಡೆಯಿಂದ, ಹೊಸ ಬ್ಲೇಡಿನಲ್ಲಿ. ಬ್ಲೇಡ್ ಮೊಂಡಾದ ಕೂಡಲೇ ಬದಲಾಯಿಸಿ, ಜಿಪುಣತನ ಬೇಡ.

ಹೀಟ್‌ಗನ್‌ರಾಯ
ಅಂಗೈ ಅಗಲ ಜಾಸ್ತಿ ಇದ್ದರೆ ಪ್ಲೇಟ್ ಕೆಳಗೆ ಮಡಚಿ ತುರುಕಿದರೆ ಆಗಲ್ವಾ? ಕತ್ತರಿಸುವ ತಲೆನೋವೇ ಇಲ್ಲ.

ನಾಲ್ಕನೇಗೇರ್
ಪ್ಲೇಟ್ ಎದ್ದು ನಿಂತು ಬಾಗಿಲ ರಬ್ಬರ್ ಹೊಡೆಯುತ್ತದೆ. ನೀರು ಬರಲು ಹೊಸ ದಾರಿ.

ಕಾಗದಹುಡುಕಿ
ವಿಷಯಾಂತರಕ್ಕೆ ಕ್ಷಮೆ ಇರಲಿ. ಹಳೇ ಕಾರ್ಪೆಟ್, ಹಿಂದಿನ ಸೀಟು ಕಿತ್ತಾಗ ಬಿಲ್ಡ್ ಶೀಟ್ (ಕಾರಿಗೆ ಏನೇನು ಹಾಕಬೇಕು ಅಂತ ಬರೆದ ಕಾರ್ಖಾನೆಯ ಕಾಗದ) ಸಿಕ್ಕಿತಾ? ಶೆವೆಲ್‌ಗಳಲ್ಲಿ ಸೀಟಿನ ಸ್ಪ್ರಿಂಗ್ ನಡುವೆ, ಪೆಟ್ರೋಲ್ ಟ್ಯಾಂಕ್ ಮೇಲೆ, ಕೆಲವು ಸಲ ಕಾರ್ಪೆಟ್ ಕೆಳಗೆ ಸಿಗುತ್ತದೆ. ನಿಮ್ಮದು ಎಸ್‌ಎಸ್ (ಸೂಪರ್ ಸ್ಪೋರ್ಟ್, ಶೆವೆಲ್‌ನ ಬಲಶಾಲಿ ಆವೃತ್ತಿ) ಆಗಿದ್ದರೆ ಆ ಕಾಗದ ಚಿನ್ನ. 1970ರಲ್ಲಿ ಎಸ್‌ಎಸ್ ಅನ್ನೋದು ಆಯ್ಕೆಯ ಪ್ಯಾಕೇಜ್ ಆಗಿತ್ತು, ಚಾಸಿ ನಂಬರಿನಿಂದ ಅದು ತಿಳಿಯುವುದಿಲ್ಲ. ಕಾಗದವೇ ಸಾಕ್ಷಿ.

ಎರಡುಬಾಗಿಲು70
ಎಸ್‌ಎಸ್ ಅಲ್ಲ, ಸಾದಾ ಮಾಲಿಬು. ಸೀಟಿನ ಸ್ಪ್ರಿಂಗಿನಲ್ಲಿ ಕಂದುಬಣ್ಣದ ಕಾಗದದ ಚೂರು ಇತ್ತು, ಇಲಿ ಬಹುಪಾಲು ತಿಂದಿದೆ. ಎತ್ತಿಟ್ಟಿದ್ದೇನೆ.

ಕಾಗದಹುಡುಕಿ
ಬಿಸಾಡಬೇಡಿ, ಪ್ಲಾಸ್ಟಿಕ್ ಹಾಳೆಯೊಳಗೆ ಇಡಿ. ಚೂರಿನಲ್ಲಿ ಚಾಸಿ ನಂಬರ್ ಉಳಿದಿದ್ದರೆ ನಿಮ್ಮ ಕಾರಿನದೇನಾ ಅಂತ ಹೋಲಿಸಿ ನೋಡಿ. ಪಕ್ಕದ ಕಾರಿನ ಕಾಗದ ಸಿಕ್ಕ ಉದಾಹರಣೆಗಳು ಬೇಕಾದಷ್ಟಿವೆ.

ದಬ್ಬಳ
ಹಳೇ ಕಾರ್ಪೆಟ್ ಇನ್ನೂ ಇದೆಯಾ? ಅದನ್ನೂ ಈಗಲೇ ಬಿಸಾಡಬೇಡಿ. ಹೊಸದರ ಮೇಲೆ ಹರಡಿ ಅಂಚು, ತೂತು ಎರಡನ್ನೂ ತಾಳೆ ನೋಡಬಹುದು. ಕುಗ್ಗಿರುತ್ತದೆ, ಅದಕ್ಕೆ ಅದರ ಅಳತೆಗೇ ಕತ್ತರಿಸಬೇಡಿ. ಯಾವ ಸ್ಕ್ರೂ ಎಲ್ಲಿತ್ತು ಅಂತ ತಿಳಿಯಲು ಸಾಕು.

ಎರಡುಬಾಗಿಲು70
ಕೂತಿತು! ಬೋಲ್ಟ್ ಉಪಾಯ ಅದ್ಭುತ, ಒಂದೂ ಎಳೆ ಕಿತ್ತಿಲ್ಲ. ಹಿಮ್ಮಡಿ ಪ್ಯಾಡ್ ಕೂದಲೆಳೆಯಷ್ಟು ಎಡಕ್ಕಿದೆ, ಟನಲ್ ಸರಿ ಇದೆ, ಹಾಗೇ ಬಿಟ್ಟೆ. ಪೆಡಲ್ ಎರಡೂ ತಳದ ತನಕ ಹೋಗಿ ಬರುತ್ತಿವೆ.

ಒಂದು ತೊಂದರೆ. ಎಡಗಾಲಿನಲ್ಲಿ ಒತ್ತುವ ಡಿಪ್ಪರ್ ಸ್ವಿಚ್ ಈಗ ಒಂದು ಸಲ ಕೆಲಸ ಮಾಡಿದರೆ ಮೂರು ಸಲ ಮಾಡುವುದಿಲ್ಲ. ಕಾರ್ಪೆಟ್ ಹಾಕುವ ಮುಂಚೆ ಸರಿ ಇತ್ತು.

ತಂತಿಗೊಂಬೆ
ಸ್ವಿಚ್ ಹಾಳಾಗಿಲ್ಲ. ಹೊಸ ಕಾರ್ಪೆಟ್ ದಪ್ಪಕ್ಕೆ ಸ್ವಿಚ್ಚಿನ ಗುಂಡಿ ಪೂರ್ತಿ ಕೆಳಗೆ ಹೋಗುತ್ತಿಲ್ಲ, ಕಾಲು ಮೊದಲು ರಬ್ಬರ್ ಬಳೆಗೆ ತಾಗುತ್ತಿದೆ. ಬಳೆ ತೆಗೆದು ಅದರ ಸುತ್ತ ಬೆನ್ನಿನ ಸೆಣಬನ್ನು ಬಿಲ್ಲೆಯಗಲ ಕೆತ್ತಿ, ಮೇಲಿನ ಲೂಪ್ ಮುಟ್ಟಬೇಡಿ. ಹಾಗೇ ಕೆಳಗೆ ಕೈ ಹಾಕಿ ಮೂರು ತಂತಿಯ ಕನೆಕ್ಟರ್ ಒಳಗೆ ಒತ್ತಿ, ಕಾರ್ಪೆಟ್ ಎಳೆಯುವಾಗ ಅರ್ಧ ಹೊರಗೆ ಬಂದಿರುತ್ತದೆ.

ಎರಡುಬಾಗಿಲು70
ಎರಡೂ ಹೌದು. ಕನೆಕ್ಟರ್ ಓರೆಯಾಗಿತ್ತು, ಸೆಣಬೂ ಕೆತ್ತಿದೆ. ಈಗ ಪ್ರತಿ ಸಲ ಟಕ್ ಅನ್ನುತ್ತಿದೆ.

ತಗಡುಮೇಸ್ತ್ರಿ
ಸ್ವಲ್ಪ ದಿನ ಓಡಿಸಿ ಸೀಟಿನ ಬೋಲ್ಟುಗಳನ್ನು ಮತ್ತೊಮ್ಮೆ ಟಾರ್ಕ್ ವ್ರೆಂಚಿನಲ್ಲಿ ನೋಡಿ. ಸೀಟಿನ ಹಳಿ ಕೆಳಗೆ ಕಾರ್ಪೆಟ್ ಇನ್ನೂ ಅಮುಕಿಕೊಳ್ಳುತ್ತದೆ.

ಬೀಟಲ್‌ಭಾವ
ಆ 12 ಮಿಮೀ ಫೋಮ್ ಬೇಡವಾದರೆ ನನಗೆ ಕಳಿಸಿ. ಬ್ಯಾಟರಿ ಮುಚ್ಚಳದ ಮೇಲೆ ಹಾಕ್ತೀನಿ.

ತಂತಿಗೊಂಬೆ
ಬೆಂಕಿ ಬಗ್ಗೆ ಬರೆದವರೇ ಬ್ಯಾಟರಿ ಮೇಲೆ ಫೋಮ್ ಹಾಕ್ತೀನಿ ಅಂತಿದ್ದಾರೆ ನೋಡಿ. ಬೇಡ ಭಾವ, ಗಟ್ಟಿ ಮುಚ್ಚಳ ತಂದು ಹಾಕಿ.